ಡಬ್ಬದ ಬಲ, ಲೋಟದ ರುಚಿ

ಕಳೆದ ಮಾಘ ಮಾಸದ ಒಂದು ಭಾನುವಾರ ನಾಸಿಕದ ಕೆಲವು ಕನ್ನಡ ಕುಟುಂಬದವರು ಸೇರಿ, ಮುಂಬಯಿಯಿಂದ ಬಂದಿದ್ದ ನಾಲ್ಕಾರು ನೆಂಟರನ್ನೂ ಕೂಡಿಸಿಕೊಂಡು, ಒಂದು ಬಸ್ಸು ಗೊತ್ತುಮಾಡಿ ವೇರೂಳಿಗೆ ಹೋಗಿದ್ದೆವು. ರಾಷ್ಟ್ರಕೂಟ ಒಂದನೆಯ ಕೃಷ್ಣನ ಕಾಲದಲ್ಲಿ, ಎಂಟನೆಯ ಶತಮಾನದಲ್ಲಿ, ಬೆಟ್ಟವನ್ನು ನೆತ್ತಿಯಿಂದ ಕೆಳಕ್ಕೆ ಕಡೆಯುತ್ತ ಬಂದು ಬಿಡಿಸಿದ ಕೈಲಾಸದ ಮುಂದೆ ನಿಂತ ಕನ್ನಡಿಗನಿಗೆ ತಾನು ಪರಸ್ಥಳದಲ್ಲಿದ್ದೇನೆಂಬುದು ಅರೆಗಳಿಗೆಯಾದರೂ ಮರೆತುಹೋಗುತ್ತದೆ. ಕವಿರಾಜಮಾರ್ಗವು ಕನ್ನಡ ನಾಡಿನ ಎಲ್ಲೆಯೆಂದು ಹೇಳಿದ ಗೋದಾವರಿಯ ದಂಡೆಯಲ್ಲೇ ಮನೆ ಮಾಡಿಕೊಂಡಿರುವ ನಮಗೆ ಆ ಮರೆವು ಇನ್ನೂ ಸುಲಭ. ಆದರೆ ಈ ಲೇಖನ ಶಿಲ್ಪವನ್ನು ಕುರಿತದ್ದಲ್ಲ. ಗುಹೆಗಳನ್ನು ನೋಡಿ ದಣಿದು ಹೊರಗೆ ಬೇವಿನ ಮರದ ನೆರಳಿನಲ್ಲಿ ಕುಳಿತಾಗ ನಡೆದ ಒಂದು ಸಣ್ಣ ಸಂಭಾಷಣೆಯನ್ನು ಕುರಿತದ್ದು.

ನಮ್ಮೊಡನೆ ಬಂದಿದ್ದ ಮುಂಬಯಿಯ ತರುಣನೊಬ್ಬ ತನ್ನ ಚೀಲದಿಂದ ಅಗಲ ಬಾಯಿಯ ಪ್ಲಾಸ್ಟಿಕ್ ಬಾಟಲಿಯೊಂದನ್ನು ತೆಗೆದು, ನೀರು ಸುರಿದು, ಮುಚ್ಚಳ ಬಿಗಿದು ಬಲವಾಗಿ ಕುಲುಕತೊಡಗಿದ. ಒಳಗಿದ್ದ ತಂತಿಯ ಚೆಂಡು ಗಿಲಕಿಯಂತೆ ಸದ್ದು ಮಾಡಿತು. ಪಕ್ಕದಲ್ಲಿ ಕೋಲನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದ ನನ್ನ ಅತ್ತೆಯವರು ಕುತೂಹಲದಿಂದ ಕೇಳಿದರು:

“ಏನಪಾ ಅದು, ಔಷಧ ಏನು?”

“ಪ್ರೋಟೀನ್, ಅಜ್ಜಿ. ಚಾಕೊಲೆಟ್ ರುಚಿ. ಸ್ವಲ್ಪ ಕುಡಿದು ನೋಡ್ತೀರಾ?”

ಎಪ್ಪತ್ತೊಂಬತ್ತು ವರ್ಷದ ಅತ್ತೆಯವರು ಧಾರವಾಡದವರು, ಯಾವುದಕ್ಕೂ ಬೇಡವೆಂದವರಲ್ಲ. ಮುಚ್ಚಳದಲ್ಲಿ ಹಾಕಿಸಿಕೊಂಡು ಒಂದು ಗುಟುಕು ಸವಿದು, “ಛಲೋ ಐತಿ. ಆದ್ರ ದಿನಾ ಕುಡೀತಿ ಏನು ನೀ ಇದನ್ನ?” ಎಂದರು.

ತರುಣ ನಕ್ಕುಬಿಟ್ಟ. “ಕುಡೀಲೇಬೇಕು ಅಜ್ಜಿ, ಮೂರು ಸಾವಿರ ಕೊಟ್ಟಿದ್ದೀನಿ.”

ಒಂದು ಗುಟುಕಿಗೆ ಚೆನ್ನಾಗಿರುವುದು ಬೇರೆ, ದಿನವೂ ಕುಡಿಯಲಾಗುವುದು ಬೇರೆ ಎಂಬ ಈ ಭೇದವನ್ನು ನಾನು ಮೈಸೂರಿನಲ್ಲಿ ಗೃಹವಿಜ್ಞಾನ ಓದಿ, ಮುಂದೆ ಇಪ್ಪತ್ತಾರು ವರ್ಷ ಅದನ್ನೇ ಪಾಠ ಹೇಳಿದರೂ ಸರಿಯಾಗಿ ಅರಿತಿರಲಿಲ್ಲ. ಅರಿತದ್ದು ಹಿಂದಿನ ವರ್ಷ, ಅದೇ ಅತ್ತೆಯವರ ಹಾಸಿಗೆಯ ಪಕ್ಕದಲ್ಲಿ.

ಅವರು ಬಚ್ಚಲಮನೆಯಲ್ಲಿ ಜಾರಿ ಬಿದ್ದು ಸೊಂಟದ ಕೀಲಿನ ಮೂಳೆ ಮುರಿದುಕೊಂಡಿದ್ದರು. ಶಸ್ತ್ರಚಿಕಿತ್ಸೆಯೇನೋ ಚೆನ್ನಾಗಿಯೇ ಆಯಿತು. ಮನೆಗೆ ಬಂದ ಮೇಲೆ ಮಾತ್ರ ದಿನೇ ದಿನೇ ಇಳಿದುಹೋಗತೊಡಗಿದರು. ತೋಳಿನ ಬಳೆ ಮೊಣಕೈವರೆಗೆ ಜಾರುತ್ತಿತ್ತು. ವೈದ್ಯರು ನೋಡಿ, “ಮೂಳೆ ಕೂಡಿದೆ, ಆದರೆ ಅದನ್ನು ಎತ್ತಿ ನಡೆಸುವ ಮಾಂಸಖಂಡವೇ ಕರಗುತ್ತಿದೆ. ಹೊಟ್ಟೆಗೆ ಸಸಾರಜನಕ ಹೋಗಬೇಕು” ಎಂದರು. ಆ ರಾತ್ರಿ ನಾನು ಪೆನ್ಸಿಲು ಹಿಡಿದು ಲೆಕ್ಕ ಹಾಕಿದೆ. ಎರಡು ಸಲದ ಚಹದೊಳಗಿನ ಹಾಲು, ಎರಡು ಹಿಡಿ ಅನ್ನ, ತಿಳಿಸಾರಿನ ಬೇಳೆ, ಒಂದು ಲೋಟ ನೀರುಮಜ್ಜಿಗೆ, ಒಂದೇ ಒಂದು ಜೋಳದ ರೊಟ್ಟಿ. ಎಲ್ಲ ಕೂಡಿಸಿದರೂ ದಿನಕ್ಕೆ ಸುಮಾರು 22 ಗ್ರಾಂ ದಾಟಲಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2020ರಲ್ಲಿ ಗೊತ್ತುಮಾಡಿದ ಪ್ರಮಾಣದಂತೆ ವಯಸ್ಕರಿಗೆ ದೇಹತೂಕದ ಪ್ರತಿ ಕಿಲೋಗ್ರಾಮಿಗೆ 0.83 ಗ್ರಾಂ ಸಸಾರಜನಕ ಬೇಕು. ಮುಪ್ಪಿನಲ್ಲಿ ಅದು 1ರಿಂದ 1.2 ಗ್ರಾಂ ಇದ್ದರೆ ಒಳ್ಳೆಯದೆಂದು ಹೊರದೇಶದ ತಜ್ಞಮಂಡಲಿಗಳು ಹೇಳುತ್ತವೆ. ಅತ್ತೆಯವರ ತೂಕ ಆಗ 46 ಕಿಲೋ. ಅಂದರೆ ಕನಿಷ್ಠ 38 ಗ್ರಾಂ, ಮೇಲಾದರೆ 50 ಗ್ರಾಂ ಬೇಕಾದಲ್ಲಿ ಅರ್ಧದ ಆಸುಪಾಸಿನಲ್ಲೇ ಅವರು ದಿನ ತಳ್ಳುತ್ತಿದ್ದರು. ಮನೆಯಲ್ಲಿ ಪೋಷಣಶಾಸ್ತ್ರ ಓದಿದ ಸೊಸೆಯಿದ್ದಳು ಎಂಬುದನ್ನು ವಾಚಕರು ನೆನಪಿನಲ್ಲಿಡಬೇಕು.

ಮರುದಿನವೇ ಡಬ್ಬ ಬಂದಿತು. ವೆನಿಲದ ರುಚಿಯದು. ಬೆಳಿಗ್ಗೆ ಒಂದು ಲೋಟ, ಸಂಜೆ ಒಂದು ಲೋಟ ಬೆರಸಿ ಅವರ ಕೈಗಿತ್ತು ನಾನು ಅಡುಗೆಮನೆಗೆ ಹೋಗುತ್ತಿದ್ದೆ; ಹಿಂದಿರುಗುವಾಗ ಲೋಟ ಬರಿದಾಗಿರುತ್ತಿತ್ತು. ಗೋಡೆಯ ಪಂಚಾಂಗದಲ್ಲಿ ಗುರುತು ಹಾಕುತ್ತ ಎರಡು ವಾರ ಬಹಳ ಸಮಾಧಾನದಿಂದ ಕಳೆದೆ. ಆಮೇಲೊಂದು ದಿನ ಅವರ ಕೋಣೆಯ ಕಿಟಕಿಯ ಹೊರಗಿದ್ದ ದಾಸವಾಳದ ಕುಂಡದಿಂದ ಹುಳಿವಾಸನೆ ಬರುತ್ತಿರುವುದನ್ನು ಕಂಡು ಬಗ್ಗಿ ನೋಡಿದರೆ ಮಣ್ಣಿನ ಮೇಲೆ ಬಿಳಿಯ ಪೊರೆ ಕಟ್ಟಿತ್ತು. ಪಕ್ಕದ ತುಳಸಿಯ ಕುಂಡ ಮಾತ್ರ ಶುದ್ಧವಾಗಿತ್ತು. ಎಂಜಲನ್ನು ತುಳಸಿಗೆ ಹಾಕದಷ್ಟು ಆಚಾರ ಆ ಸಂಕಟದಲ್ಲೂ ಉಳಿದಿತ್ತು.

“ಅತ್ತೀ, ಇದೇನು ಮಾಡಿದಿರಿ?” ಎಂದರೆ, “ನೋಡವಾ, ನೀ ಬ್ಯಾಸರಾ ಮಾಡ್ಕೊಬ್ಯಾಡ. ಹಾಲಿನಾಗ ಸೀಮೆಸುಣ್ಣ ಕಲಸಿ ಸಕ್ಕರಿ ಹಾಕಿದಂಗ ಆಗತೈತಿ. ಮೊದಲನೇ ದಿನ ಕುಡದೆ, ಎರಡನೇ ದಿನಾನೂ ಕುಡದೆ. ಮೂರನೇ ದಿನ ಗಂಟಲದಾಗ ಇಳೀಲಿಲ್ಲ” ಎಂದು ಅತ್ತುಬಿಟ್ಟರು. ತಪ್ಪು ಅವರದಲ್ಲ. ಡಬ್ಬದ ಮೇಲೆ ಅಚ್ಚಾದ ಅಂಕಿಯನ್ನು ನಾನು ಹೊಟ್ಟೆಗೆ ಹೋದ ಅಂಕಿಯೆಂದು ಎಣಿಸಿಕೊಂಡಿದ್ದೆ.

ಅಂದಿನಿಂದ ಸುಮಾರು ಮೂರು ತಿಂಗಳು ನಮ್ಮ ಮನೆ ಒಂದು ಸಣ್ಣ ಪ್ರಯೋಗಶಾಲೆಯಾಯಿತು. ಬಗೆಬಗೆಯ ಪುಡಿಗಳನ್ನು ಸಾಧ್ಯವಾದಷ್ಟೂ ಚಿಕ್ಕ ಪೊಟ್ಟಣಗಳಲ್ಲಿ ತರಿಸಿದೆವು. ಅತ್ತೆಯವರು, ನಮ್ಮ ಯಜಮಾನರು, ಕಾಲೇಜು ಓದುವ ಮಗ, ನಾನು, ಈ ನಾಲ್ವರೇ ಪರೀಕ್ಷಕರು. ಆಹಾರದ ಪ್ರಯೋಗಶಾಲೆಗಳಲ್ಲಿ ಮಾಡುವಂತೆ ಲೋಟಗಳಿಗೆ ಹೆಸರಿನ ಬದಲು ಅಂಕಿಯ ಚೀಟಿ ಅಂಟಿಸಿದೆ. ರುಚಿ ಹೇಗಿದೆಯೆಂದು ಕೇಳುವುದರ ಜೊತೆಗೆ ಲೋಟದಲ್ಲಿ ಎಷ್ಟು ಉಳಿಯಿತೆಂದು ಪ್ರತಿದಿನವೂ ಅಳೆದು ಬರೆದಿಟ್ಟೆ. ಇದನ್ನು ವಿಜ್ಞಾನವೆಂದು ಕರೆಯುವ ಧೈರ್ಯ ನನಗಿಲ್ಲ. ಆದರೆ ದಾಸವಾಳದ ಕುಂಡ ಕಲಿಸಿದ ಪಾಠ ಇದರಲ್ಲಿತ್ತು.

ಪುಡಿಯನ್ನು ಹಾಲಿಗೆ ಬೆರಸಿ ಕುಡಿಯುವ ಅಭ್ಯಾಸ ನಮಗೆ ಹೊಸದೇನೂ ಅಲ್ಲ. ಅಮೆರಿಕದಲ್ಲಿ ನೆಲಸಿದ ಹಾರ್ಲಿಕ್ ಸಹೋದರರು 1883ರಲ್ಲಿ ಮೊಳಕೆ ಧಾನ್ಯದ ಹಾಲುಪುಡಿಗೆ ಪೇಟೆಂಟ್ ಪಡೆದರು. ಅವರ ಹೆಸರಿನ ಸೀಸೆ ನಮ್ಮ ಅಜ್ಜಂದಿರ ಕಾಲದಲ್ಲೇ ರೋಗಿಯ ತಲೆದಸೆಗೆ ಬಂದು ಕುಳಿತಿತು. ಬೋರ್ನ್‌ವಿಟಾ 1948ರಿಂದ ನಮ್ಮ ದೇಶದಲ್ಲಿದೆ. ಇವೆಲ್ಲ ಮುಖ್ಯವಾಗಿ ಧಾನ್ಯ, ಸಕ್ಕರೆ, ಕೋಕೋಗಳ ರುಚಿಪಾನೀಯಗಳು. ಸಸಾರಜನಕದ ಪಾಲು ಇವುಗಳಲ್ಲಿ ಅಲ್ಪ. 2024ರಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯವು ಅಂತರ್ಜಾಲದ ಅಂಗಡಿಗಳಿಗೆ ಇಂಥ ಪೇಯಗಳನ್ನು ‘ಆರೋಗ್ಯ ಪೇಯ’ದ ಪಟ್ಟಿಯಿಂದ ತೆಗೆಯುವಂತೆ ಸೂಚಿಸಿತು. ನಿಜವಾಗಿ ಸಸಾರಜನಕಕ್ಕೆಂದೇ ಬಂದ ಪುಡಿಗಳಲ್ಲಿ ಬಹುಕಾಲ ನಮ್ಮ ಔಷಧದಂಗಡಿಗಳಲ್ಲಿ ಮೆರೆದದ್ದು 1950ರ ದಶಕದಲ್ಲಿ ಬಂದ ಪ್ರೋಟಿನೆಕ್ಸ್. ಅದು ಶೇಂಗಾದ ಸಸಾರಜನಕವನ್ನು ಮೊದಲೇ ಅರ್ಧ ಪಚನಗೊಳಿಸಿ ಮಾಡಿದ ಪುಡಿಯಾಗಿತ್ತು.

ಇದೇ ಕಾಲಕ್ಕೆ ನಮ್ಮ ಮೈಸೂರಿನಲ್ಲೂ ದೊಡ್ಡ ಕೆಲಸ ನಡೆಯುತ್ತಿತ್ತು. 1950ರಲ್ಲಿ ಚೆಲುವಾಂಬ ವಿಲಾಸ ಭವನದಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದವರು, ಡಾ. ವಿ. ಸುಬ್ರಹ್ಮಣ್ಯನ್ ಅವರ ನೇತೃತ್ವದಲ್ಲಿ, ಎಣ್ಣೆ ತೆಗೆದ ಶೇಂಗಾಹಿಟ್ಟು ಮುಕ್ಕಾಲು ಪಾಲು, ಕಡಲೆಹಿಟ್ಟು ಕಾಲು ಪಾಲು ಕೂಡಿಸಿ, ಜೀವಸತ್ವ ಸುಣ್ಣಾಂಶಗಳನ್ನು ಸೇರಿಸಿ ‘ವಿವಿಧೋದ್ದೇಶ ಆಹಾರ’ವೆಂಬ ಪುಡಿಯನ್ನು ತಯಾರಿಸಿದರು. ಅದರಲ್ಲಿ ನೂರಕ್ಕೆ ನಲವತ್ತು ಭಾಗಕ್ಕೂ ಮೇಲ್ಪಟ್ಟು ಸಸಾರಜನಕವಿತ್ತು. ಮುಂದೆ ಅದೇ ಸಂಸ್ಥೆಯವರು ಶೇಂಗಾದ ಸಸಾರಜನಕವನ್ನು ಹಾಲಿಗೆ ಕೂಡಿಸಿ ‘ಮಿಲ್ಟೋನ್’ ಎಂಬ ಪೇಯವನ್ನು ರೂಪಿಸಿದರು. 1970ರ ದಶಕದಲ್ಲಿ ಬೆಂಗಳೂರಿನಲ್ಲಿ ಅದು ಸುವಾಸನೆ ಸೇರಿಸಿದ ಬಾಟಲಿಹಾಲಾಗಿ ಮಾರಾಟಕ್ಕೆ ಬಂದಿತು. ನಮ್ಮ ತಲೆಮಾರಿನ ಮೈಸೂರಿಗರಿಗೆ ಈ ಹೆಸರುಗಳು ಪಾಠಪುಸ್ತಕದಂತೆ ಬಾಯಿಪಾಠ. ಬಡವರ ಹೊಟ್ಟೆಗೆ ಅಗ್ಗದ ಬಲ ಒದಗಿಸುವ ಆ ಮಹದುದ್ದೇಶದ ಪುಡಿಗಳು ಮನೆಯ ಅಡುಗೆಯ ಅಂಗವಾಗಿ ಬೇರೂರಲಿಲ್ಲ. ಅದಕ್ಕೆ ಕಾರಣಗಳು ಹಲವು. ಶೇಂಗಾದ ಬೂಷ್ಟಿನ ವಿಷದ ಭಯ 1960ರ ನಂತರ ಲೋಕಕ್ಕೆಲ್ಲ ತಿಳಿದುಬಂದದ್ದು ಒಂದು; ಪೌಷ್ಟಿಕವಾದದ್ದೆಲ್ಲ ಜನ ತಾನಾಗಿ ತಿಂದಾರೆಂದು ನಂಬಿಕೊಂಡದ್ದು ಇನ್ನೊಂದು ಎಂದು ನನ್ನ ಅಭಿಪ್ರಾಯ. ನಾನು ಅತ್ತೆಯವರ ಕೋಣೆಯಲ್ಲಿ ಮಾಡಿದ ತಪ್ಪೂ ಅದೇ ತಾನೆ.

ಇರಲಿ, ಲೋಟಗಳಿಗೆ ಬರೋಣ. ಇಂದು ಅಂಗಡಿಯಲ್ಲಿ ಹೆಚ್ಚಾಗಿ ಕಾಣುವುದು ‘ವೇ’ ಎಂಬ ಪುಡಿ. ಇದು ಬೇರೇನಲ್ಲ, ನಮ್ಮ ಹಾಲೊಡಕು. ಹಾಲಿನ ಸಸಾರಜನಕದಲ್ಲಿ ನೂರಕ್ಕೆ ಎಂಬತ್ತು ಪಾಲು ಒಡೆದಾಗ ಗಟ್ಟಿಯಾಗುವ ಕೇಸೀನ್, ಉಳಿದ ಇಪ್ಪತ್ತು ಪಾಲು ನೀರಿನಲ್ಲಿ ನಿಲ್ಲುವಂಥದು. ಗಿಣ್ಣು ಮಾಡುವ ಪಾಶ್ಚಾತ್ಯ ಕಾರ್ಖಾನೆಗಳು ಒಂದು ಕಾಲಕ್ಕೆ ಚರಂಡಿಗೆ ಬಿಡುತ್ತಿದ್ದ ಈ ನೀರನ್ನು ಸೂಕ್ಷ್ಮ ಜರಡಿಗಳಲ್ಲಿ ಸೋಸಿ, ತುಂತುರಾಗಿ ಹಾರಿಸಿ ಒಣಗಿಸಿ ಪುಡಿ ಮಾಡುತ್ತಾರೆ. ಪನೀರು ಮಾಡಿ ಉಳಿದ ನೀರನ್ನು ಕುಡಿದರೇ ಸಾಲದೆ ಎಂದು ಗೆಳತಿಯೊಬ್ಬರು ಕೇಳಿದ್ದರು. ಸಾಲದು, ಅದರಲ್ಲಿ ನೂರಕ್ಕೆ ಒಂದು ಭಾಗವೂ ಸಸಾರಜನಕವಿರುವುದಿಲ್ಲ. ಚಪಾತಿಯ ಹಿಟ್ಟು ಕಲಸಲು ಮಾತ್ರ ಅದಕ್ಕಿಂತ ಒಳ್ಳೆಯದಿಲ್ಲ.

ಹಾಲೊಡಕಿನ ಪುಡಿಗೆ ತನ್ನದೇ ರುಚಿ ಹೆಚ್ಚಿಲ್ಲ. ಹೊಸದಾಗಿದ್ದರೆ ಸೌಮ್ಯವಾದ ಹಾಲಿನ ಗಂಧ, ಹಳತಾದರೆ ರಟ್ಟಿನ ಪೆಟ್ಟಿಗೆಯ ವಾಸನೆ. ಎಂಬತ್ತು ಪಾಲಿನ ಸಾಂದ್ರಪುಡಿಯಲ್ಲಿ ಸ್ವಲ್ಪ ಜಿಡ್ಡೂ ಹಾಲುಸಕ್ಕರೆಯೂ ಉಳಿದಿರುವುದರಿಂದ ಅದು ನಾಲಿಗೆಗೆ ನುಣುಪು. ತೊಂಬತ್ತಕ್ಕೆ ಮೇಲ್ಪಟ್ಟು ಶುದ್ಧಿ ಮಾಡಿದ್ದು ನೀರಿನಂತೆ ತೆಳು, ನೊರೆ ಬಹಳ. ಹಾಲು ಕುಡಿದರೆ ಹೊಟ್ಟೆಯುಬ್ಬರ ಬರುವವರಿಗೆ ಎರಡನೆಯದೇ ಮೇಲು. ಅರೆಪಚನಗೊಳಿಸಿದ ಪುಡಿಗಳ ದೋಷ ಕಹಿ. ಉದ್ದನೆಯ ಸಸಾರಜನಕದ ಎಳೆಯನ್ನು ಕತ್ತರಿಸಿದಾಗ ಅದುವರೆಗೆ ಒಳಗೆ ಮಡಿಸಿಕೊಂಡಿದ್ದ, ನೀರಿಗೆ ಒಲ್ಲದ ಭಾಗಗಳು ಹೊರಬಂದು ನಾಲಿಗೆಗೆ ತಾಗುತ್ತವೆ. ಆ ಕಹಿಯನ್ನು ಯಾವ ವೆನಿಲವೂ ಪೂರ್ತಿ ಮುಚ್ಚಲಾರದು. ಸೋಯಾ, ಬಟಾಣಿಗಳ ಪುಡಿಗಳಲ್ಲಿ ಹಸಿಕಾಳಿನ ವಾಸನೆ. ಕಾಳನ್ನು ನೀರಿನಲ್ಲಿ ಅರೆದೊಡನೆ ಅದರೊಳಗಿನ ಕಿಣ್ವವೊಂದು ಎಣ್ಣೆಯಂಶದ ಮೇಲೆ ಎರಗಿ ಈ ವಾಸನೆಯನ್ನು ಹುಟ್ಟಿಸುತ್ತದೆ. ಹುರಿದರೆ ಅಥವಾ ಬೇಯಿಸಿದರೆ ಕಿಣ್ವ ಸಾಯುತ್ತದೆ. ನಮ್ಮ ಹೆಂಗಸರು ಬೇಳೆಯನ್ನು ಹುರಿದೇ ಪುಡಿ ಮಾಡುವುದು ಸುಮ್ಮನೆ ಅಲ್ಲ. ಬಟಾಣಿಯ ಪುಡಿಗೆ ಸಣ್ಣ ಮರಳಿನ ಸ್ಪರ್ಶ ಬೇರೆ. ಕೋಕೋ ಇದ್ದರೆ ಅದು ಸ್ವಲ್ಪ ಮರೆಯಾಗುತ್ತದೆ, ಮಾವಿನ ರುಚಿಯಲ್ಲಿ ಎದ್ದು ಕಾಣುತ್ತದೆ.

ಸಿಹಿಯ ಮಾತೇ ಬೇರೆ. ಈ ಪುಡಿಗಳಲ್ಲಿ ಹೆಚ್ಚಿನವಕ್ಕೆ ಸಕ್ಕರೆಯ ಬದಲು ಸುಕ್ರಲೋಸ್ ಹಾಕುತ್ತಾರೆ. ಸಕ್ಕರೆಗಿಂತ ಸುಮಾರು ಆರುನೂರು ಪಟ್ಟು ಸಿಹಿಯಾದ ಈ ವಸ್ತು ನಾಲಿಗೆಯ ಮೇಲೆ ತಡವಾಗಿ ಬಂದು ತಡವಾಗಿ ಹೋಗುವ ಅತಿಥಿ. ಕುಡಿದು ಅರ್ಧಗಂಟೆಯಾದರೂ ಬಾಯಲ್ಲಿ ಸಿಹಿ ಕುಳಿತೇ ಇರುತ್ತದೆ, ಆಮೇಲೆ ಕುಡಿದ ಕಾಫಿಯ ರುಚಿಯನ್ನೂ ಕೆಡಿಸುತ್ತದೆ. ಸ್ಟೀವಿಯ ಎಂಬ ಎಲೆಯ ಸಿಹಿಯುಳ್ಳ ಪುಡಿಗಳನ್ನು ಅತ್ತೆಯವರು ಒಂದೇ ಗುಟುಕಿಗೆ ಗುರುತಿಸಿಬಿಟ್ಟರು: “ಇದರಾಗ ಜ್ಯೇಷ್ಠಮಧು ಹಾಕ್ಯಾರ.” ಹಾಕಿರಲಿಲ್ಲ, ಆದರೆ ಹೋಲಿಕೆ ಕರಾರುವಾಕ್ಕಾಗಿತ್ತು. ಅದೇ ಹಿಂಬದಿಯ ಕಹಿಸಿಹಿ.

ರುಚಿಗಳಲ್ಲಿ ಮೊದಲ ಗುಟುಕಿಗೆ ಎಲ್ಲರ ಮನ ಗೆದ್ದದ್ದು ಕೇಸರಿ-ಪಿಸ್ತಾ. ಲೋಟ ಮೂಗಿನ ಬಳಿ ತಂದರೆ ಸಾಕು, ಸತ್ಯನಾರಾಯಣ ಪೂಜೆಯ ಪ್ರಸಾದದ ನೆನಪು. ಎರಡನೆಯದು ಚಾಕೊಲೆಟ್, ಕೋಕೋದ ಸಹಜವಾದ ಕಹಿಯು ಪುಡಿಯ ಕಹಿಯನ್ನು ತನ್ನದೆಂದು ಒಪ್ಪಿಕೊಂಡು ಮುಚ್ಚಿಬಿಡುತ್ತದೆ. ಮಾವು ಮಗನಿಗೆ ಹಿಡಿಸಿತು. ಯಜಮಾನರು “ಹಣ್ಣೇ ಇಲ್ಲದ ಹಣ್ಣು” ಎಂದು ಪಕ್ಕಕ್ಕಿಟ್ಟರು. ಕಾಫಿಯ ರುಚಿಯ ಪುಡಿಯನ್ನು ಕುರಿತು ಮೈಸೂರಿನವಳಾದ ನಾನು ಏನೂ ಹೇಳದಿರುವುದೇ ಮರ್ಯಾದೆ.

ಮೂರನೆಯ ವಾರದ ಹೊತ್ತಿಗೆ ಈ ಶ್ರೇಣಿ ತಲೆಕೆಳಗಾಯಿತು. ಕೇಸರಿ-ಪಿಸ್ತಾದ ಲೋಟದಲ್ಲಿ ಮೊದಲು ಒಂದು ಗುಟುಕು, ಆಮೇಲೆ ಕಾಲು ಲೋಟ, ಆಮೇಲೆ ಅರ್ಧ ಲೋಟ ಉಳಿಯತೊಡಗಿತು. ದಿನವೂ ಮದುವೆಮನೆಯ ಊಟ ಉಂಡವನ ಪಾಡು ನಮ್ಮದಾಯಿತು. ಗಾಢವಾದ ಸಿಹಿ, ಗಾಢವಾದ ಪರಿಮಳ ಮನಸ್ಸನ್ನು ಬೇಗ ಸೆಳೆದು ಬೇಗ ದಣಿಸುತ್ತವೆ. ಒಂದೇ ರುಚಿಯನ್ನು ಮತ್ತೆ ಮತ್ತೆ ಕೊಟ್ಟಾಗ ಆ ರುಚಿಯ ಮೇಲಿನ ಬಯಕೆಯೊಂದೇ ಇಳಿಯುತ್ತದೆ, ಬೇರೆ ರುಚಿಯ ಬಯಕೆ ಹಾಗೆಯೇ ಉಳಿದಿರುತ್ತದೆ ಎಂಬುದು ಆಹಾರಶಾಸ್ತ್ರ ಬಲ್ಲ ಮಾತು. ಹೊಟ್ಟೆ ತುಂಬಿದವನೂ ಕೊನೆಗೆ ಮಜ್ಜಿಗೆ ಅನ್ನಕ್ಕೆ ಕೈ ಚಾಚುವುದು ಅದಕ್ಕೇ. ಚಾಕೊಲೆಟ್ ಹದಿನೈದು ದಿನ ತಾಳಿತು. ಆಶ್ಚರ್ಯವೆಂದರೆ, ಮೊದಲ ದಿನ ಯಾರೂ ಹೊಗಳದಿದ್ದ, ರುಚಿಯನ್ನೇ ಸೇರಿಸದ ಸಪ್ಪೆ ಹಾಲೊಡಕಿನ ಪುಡಿ ಕೊನೆಯವರೆಗೂ ಯಾರಿಗೂ ಬೇಸರ ತರಲಿಲ್ಲ. ಅನ್ನ ಬೇಸರ ತರದಂತೆ ಎಂದು ಬೇಕಾದರೆ ಹೇಳಬಹುದು. ಮಗ ಅದಕ್ಕೆ ಬಾಳೆಹಣ್ಣು ಕಿವುಚಿಕೊಂಡ, ಯಜಮಾನರು ತಣ್ಣನೆಯ ಹಾಲಿಗೆ ಡಿಕಾಕ್ಷನ್ ಬೆರಸಿ ಅದರೊಳಗೆ ಹಾಕಿಕೊಂಡರು. ಇದು ಪುಡಿಯ ಕಾಫಿರುಚಿಗಿಂತ ಎಷ್ಟೋ ಮೇಲೆಂದು ಮಾತ್ರ ಹೇಳಬಲ್ಲೆ.

ಬಿಸಿಯ ವಿಷಯದಲ್ಲಿ ಒಂದು ಮಾತು. ನಮ್ಮವರಿಗೆ, ಅದರಲ್ಲೂ ಹಿರಿಯರಿಗೆ, ಹಾಲೆಂದರೆ ಬಿಸಿಯಾಗಿಯೇ ಬೇಕು. ಹಾಲೊಡಕಿನ ಸಸಾರಜನಕ ಸುಮಾರು 70 ಡಿಗ್ರಿ ದಾಟಿದರೆ ಮೊಟ್ಟೆಯ ಬಿಳಿಯಂತೆ ಹೆಪ್ಪುಗಟ್ಟತೊಡಗುತ್ತದೆ. ಕುದಿಯುವ ಹಾಲಿಗೆ ಪುಡಿ ಸುರಿದವರು ಗಂಟುಗಳನ್ನು ಅಗಿಯಬೇಕಾಗುತ್ತದೆ. ಅದರಿಂದ ಪುಷ್ಟಿಗೇನೂ ನಷ್ಟವಿಲ್ಲ, ಗಂಟಲಿಗೆ ಮಾತ್ರ ಕಷ್ಟ. ಮೊದಲು ಎರಡು ಚಮಚ ತಣ್ಣೀರಿನಲ್ಲಿ ಪುಡಿಯನ್ನು ಗಂಧದಂತೆ ಕಲಸಿ, ಮೇಲೆ ಉಗುರುಬೆಚ್ಚಗಿನ ಹಾಲನ್ನು ಸ್ವಲ್ಪಸ್ವಲ್ಪವಾಗಿ ಹಾಕುತ್ತ ಕದಡಿದರೆ ಈ ಕಷ್ಟವಿಲ್ಲ. ಕುಲುಕಿದ ನೊರೆ ಹಿರಿಯರಿಗೆ ಹಿತವಲ್ಲ. ಹತ್ತು ನಿಮಿಷ ಬಿಟ್ಟು ಕೊಡಿ.

ಇಷ್ಟಾದರೂ ಅತ್ತೆಯವರ ಸಮಸ್ಯೆ ಅರ್ಧ ಮಾತ್ರ ಬಗೆಹರಿದಿತ್ತು. ಸಿಹಿ ಹಾಲೇ ಅವರಿಗೆ ಬೇಡ. ವಯಸ್ಸಾದಂತೆ ಮೂಗು ಮಂದವಾಗುತ್ತದೆ, ಬಾಯಿ ಒಣಗುತ್ತದೆ. ಸೂಕ್ಷ್ಮ ಪರಿಮಳಗಳು ತಲುಪದೆ ಜಿಡ್ಡೂ ಸಿಹಿಯೂ ಮಾತ್ರ ನಾಲಿಗೆಯ ಮೇಲೆ ಉಳಿಯುತ್ತವೆ. ಒಂದು ಮಧ್ಯಾಹ್ನ ಅವರೇ ಕೇಳಿದರು: “ಹುರಿಗಡಲಿ ಹಿಟ್ಟು ಐತೇನು ಮನ್ಯಾಗ? ಮಜ್ಜಿಗ್ಯಾಗ ಕಲಸಿ ಜೀರಿಗಿ ಹಾಕಿ ಕೊಡು.” ಆ ದಿನ ಲೋಟ ಬರಿದಾದದ್ದು ನನ್ನ ಕಣ್ಣೆದುರಿಗೇ.

ನಾಸಿಕದಲ್ಲಿ ಈ ಸಾಮಗ್ರಿಗಳಿಗೆ ಬರವಿಲ್ಲ. ಹುರಿಗಡಲೆ ಇಲ್ಲಿ ‘ಫುಟಾಣ್ಯಾಚಿ ಡಾಳ’. ರಾಗಿಯನ್ನು ಇಲ್ಲಿನವರು ‘ನಾಗ್ಲಿ’ಯೆನ್ನುತ್ತಾರೆ, ಇಗತಪುರಿ, ತ್ರ್ಯಂಬಕ, ಸುರಗಾಣೆಯ ಬೆಟ್ಟಸಾಲಿನ ಆದಿವಾಸಿಗಳು ಬೆಳೆದದ್ದು ಪೇಟೆಗೆ ಬರುತ್ತದೆ. ಬೇಸಿಗೆಯಲ್ಲಿ ಮರಾಠಿ ಮನೆಗಳಲ್ಲಿ ಬೆಲ್ಲದ ನೀರಿನಲ್ಲಿ ಕಲಸಿ ಕುಡಿಯುವ ‘ಸಾತೂಚೆ ಪೀಠ’ ನಮ್ಮ ಹುರಿಹಿಟ್ಟಿನ ಸೋದರಸಂಬಂಧಿಯೇ. ಇವುಗಳಿಂದ ನಾವು ಕೊನೆಗೆ ನಿಲ್ಲಿಸಿಕೊಂಡ ಲೋಟ ಎರಡು ಬಗೆಯದು.

ಬೆಳಗಿನದು: ಮೊಳಕೆ ಕಟ್ಟಿ ಒಣಗಿಸಿ ಬೀಸಿದ ರಾಗಿಹಿಟ್ಟು 10 ಗ್ರಾಂ, ಅಂದರೆ ಒಂದು ದೊಡ್ಡ ಚಮಚ, ಸ್ವಲ್ಪ ನೀರಿನಲ್ಲಿ ಬೇಯಿಸಿ, 200 ಮಿಲಿಲೀಟರ್ ಹಾಲು, 15 ಗ್ರಾಂ ಕೆನೆರಹಿತ ಹಾಲುಪುಡಿ, 20 ಗ್ರಾಂ ಹುರಿಗಡಲೆ ಹಿಟ್ಟು ಸೇರಿಸಿ, ಚಿಟಿಕೆ ಉಪ್ಪು, ಏಲಕ್ಕಿ. ಬೆಲ್ಲ ಬೇಕಾದವರಿಗೆ ಒಂದು ಚೂರು. ಲೆಕ್ಕಕ್ಕೆ ಹಾಲಿನಿಂದ 6 ಗ್ರಾಂ, ಹಾಲುಪುಡಿಯಿಂದ 5, ಹುರಿಗಡಲೆಯಿಂದ 4, ರಾಗಿಯಿಂದ ಒಂದಕ್ಕೂ ಕಡಿಮೆ. ಒಟ್ಟು ಸುಮಾರು 16 ಗ್ರಾಂ ಸಸಾರಜನಕ. ಅಂಗಡಿಯ ಒಳ್ಳೆಯ ಹಾಲೊಡಕಿನ ಪುಡಿ ಒಂದು ಅಳತೆಗೆ 24 ಗ್ರಾಂ ಕೊಡುತ್ತದೆ. ಅಷ್ಟನ್ನು ಈ ಲೋಟ ಕೊಡದು, ಕೊಡುತ್ತದೆಂದು ಹೇಳುವುದು ಮನೆಮದ್ದಿನ ಅಹಂಕಾರವಾದೀತು. ರಾಗಿಯ ಕೀರ್ತಿ ಸುಣ್ಣಾಂಶಕ್ಕೆ ಸಲ್ಲಬೇಕು, ಸಸಾರಜನಕಕ್ಕಲ್ಲ. ಆದರೆ ಮೊಳಕೆ ರಾಗಿಯಿಂದ ಒಂದು ಉಪಕಾರವುಂಟು. ಮೊಳೆಯುವಾಗ ಹುಟ್ಟುವ ಕಿಣ್ವ ಪಿಷ್ಟವನ್ನು ಒಡೆಯುವುದರಿಂದ ಗಂಜಿ ಗೊಜ್ಜಾಗದೆ ತೆಳುವಾಗಿಯೇ ಉಳಿಯುತ್ತದೆ. ಅದೇ ಲೋಟದಲ್ಲಿ ಹೆಚ್ಚು ಹಿಟ್ಟು ಹಿಡಿಸಬಹುದು, ಕುಡಿಯುವವರಿಗೆ ಭಾರವೆನಿಸದು. ಮಕ್ಕಳ ‘ರಾಗಿ ಸರಿ’ಯ ಗುಟ್ಟು ಇದೇ. ಕರ್ನಾಟಕ ಸರ್ಕಾರವು 2013ರಲ್ಲಿ ಆರಂಭಿಸಿದ ಕ್ಷೀರಭಾಗ್ಯದ ಶಾಲಾಹಾಲಿಗೆ 2024ರಲ್ಲಿ ರಾಗಿ ಮಾಲ್ಟನ್ನು ಕೂಡಿಸಿದ್ದನ್ನು ಪತ್ರಿಕೆಯಲ್ಲಿ ಓದಿದಾಗ ನನಗೆ ಸಂತೋಷವಾಗಿತ್ತು.

ಸಂಜೆಯದು ಅತ್ತೆಯವರ ಮಜ್ಜಿಗೆ: ಗಟ್ಟಿ ಮೊಸರು ಒಂದು ಬಟ್ಟಲು, ಹುರಿಗಡಲೆ ಹಿಟ್ಟು, ಒಂದು ಸಣ್ಣ ಚಮಚ ಸಪ್ಪೆ ಹಾಲೊಡಕಿನ ಪುಡಿ, ಹುರಿದ ಜೀರಿಗೆ, ಇಂಗು, ಕರಿಬೇವು, ಉಪ್ಪು. ಪುಡಿ ಇದೆಯೆಂದು ಅವರಿಗೆ ಹೇಳಿಯೇ ಹಾಕಿದೆ. ಒಂದು ಸಲ ಮೋಸದಾಟ ನಡೆದ ಮನೆಯಲ್ಲಿ ಎರಡನೆಯ ಸಲ ಬೇಡವೆನ್ನಿಸಿತು. ಖಾರ-ಉಪ್ಪಿನ ದಾರಿಯಲ್ಲಿ ಪುಡಿಯ ರುಚಿ ಎಷ್ಟು ಚೆನ್ನಾಗಿ ಮರೆಯಾಗುತ್ತದೆಯೆಂದರೆ, ಕಾರ್ಖಾನೆಯವರೆಲ್ಲ ಸಿಹಿಯ ಬೆನ್ನೇ ಏಕೆ ಹತ್ತಿದ್ದಾರೆಂದು ನನಗೆ ಸೋಜಿಗ. ಮಸಾಲೆ ಮಜ್ಜಿಗೆಯ ರುಚಿಯ ಡಬ್ಬವೊಂದನ್ನು ಯಾರಾದರೂ ತಂದರೆ ನಮ್ಮ ಹಿರಿಯರ ಪಾಲಿಗೆ ಉಪಕಾರವಾದೀತು.

ಡಬ್ಬ ಕೊಳ್ಳುವವರಿಗೆ ಎರಡು ಎಚ್ಚರಿಕೆಗಳು. ಸಸಾರಜನಕವೆಂಬ ನಮ್ಮ ಹಳೆಯ ಪಾರಿಭಾಷಿಕ ಪದದ ಅರ್ಥವೇ ಸಾರಜನಕ ಉಳ್ಳದ್ದು ಎಂದು. ಪ್ರಯೋಗಶಾಲೆಗಳೂ ಸಾಮಾನ್ಯವಾಗಿ ಸಾರಜನಕವನ್ನು ಅಳೆದು ಅದನ್ನು 6.25ರಿಂದ ಗುಣಿಸಿ ಸಸಾರಜನಕವೆಂದು ಬರೆಯುತ್ತವೆ. ಹೀಗಾಗಿ ಸಾರಜನಕವಿರುವ ಬೇರಾವುದೋ ಅಗ್ಗದ ವಸ್ತುವನ್ನು ಬೆರಸಿದರೂ ಅಂಕಿ ಏರುತ್ತದೆ. 2008ರಲ್ಲಿ ಚೀನದಲ್ಲಿ ಹಾಲುಪುಡಿಗೆ ಮೆಲಮೀನ್ ಬೆರಸಿ ಕೂಸುಗಳ ಜೀವ ತೆಗೆದ ದುಷ್ಟತನ ಈ ಸಂದಿನಲ್ಲೇ ನುಸುಳಿತು. ನಮ್ಮ ದೇಶದ ಮಾರುಕಟ್ಟೆಯ 36 ಪುಡಿಗಳನ್ನು ಪರೀಕ್ಷಿಸಿ ಕೇರಳದ ವೈದ್ಯರೊಬ್ಬರ ತಂಡ 2024ರಲ್ಲಿ ಪ್ರಕಟಿಸಿದ ವರದಿಯಂತೆ, ನೂರಕ್ಕೆ ಸುಮಾರು ಎಪ್ಪತ್ತರಲ್ಲಿ ಚೀಟಿಯ ಮೇಲಿನ ಸಸಾರಜನಕದ ವಿವರ ಸರಿಯಿರಲಿಲ್ಲ. ಆದ್ದರಿಂದ ಪರವಾನಗಿಯ 14 ಅಂಕಿಗಳ ಸಂಖ್ಯೆಯನ್ನೂ ಸಾಮಗ್ರಿಗಳ ಪಟ್ಟಿಯನ್ನೂ ಕನ್ನಡಕ ಹಾಕಿಕೊಂಡು ಓದಿರಿ. ಪಟ್ಟಿ ಉದ್ದವಾದಷ್ಟೂ ಅನುಮಾನ ಹೆಚ್ಚಿರಲಿ. ಮಾಲ್ಟೊಡೆಕ್ಸ್ಟ್ರಿನ್ ಎಂಬ ಹೆಸರು ಮೊದಲಿಗೇ ಬಂದರೆ ಮಧುಮೇಹಿಗಳು ಡಬ್ಬವನ್ನು ಅಂಗಡಿಯಲ್ಲೇ ಬಿಡುವುದು ಲೇಸು.

ಎರಡನೆಯದು ಇನ್ನೂ ಮುಖ್ಯ. ಮೂತ್ರಪಿಂಡದ ಕಾಯಿಲೆಯುಳ್ಳವರು ವೈದ್ಯರನ್ನು ಕೇಳದೆ ಈ ಯಾವ ಲೋಟವನ್ನೂ, ನಮ್ಮ ಮನೆಯದನ್ನೂ ಸಹ, ಮುಟ್ಟಬಾರದು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು 2024ರ ಆಹಾರ ಮಾರ್ಗಸೂಚಿಯಲ್ಲಿ ಮಾಂಸಖಂಡ ಬೆಳೆಸಲೆಂದು ಪುಡಿಗಳ ಬೆನ್ನು ಹತ್ತಬೇಡಿರೆಂದೇ ಹೇಳಿದೆ. ದಿನಕ್ಕೆ ಎರಡು ಹೊತ್ತು ಗಟ್ಟಿ ಬೇಳೆಯ ಹುಳಿ, ಒಂದು ಬಟ್ಟಲು ಮೊಸರು, ಕಾಳಿನ ಪಲ್ಯ, ತಿನ್ನುವವರಿಗೆ ಮೊಟ್ಟೆ-ಮೀನು ಇರುವ ತರುಣರಿಗೆ ಡಬ್ಬದ ಅಗತ್ಯವೇ ಬೀಳದು. ನಗರದ ಬಾಡಿಗೆಕೋಣೆಯಲ್ಲಿ ಇಷ್ಟೆಲ್ಲ ಎಲ್ಲಿಂದ ಬರಬೇಕು ಎಂದು ಕೇಳಿದರೆ, ಅದೂ ನ್ಯಾಯವಾದ ಪ್ರಶ್ನೆಯೇ.

ಅತ್ತೆಯವರ ತೂಕ ಎಂಟು ತಿಂಗಳಲ್ಲಿ ಮೂರು ಕಿಲೋ ಏರಿತು. ಅದರ ಶ್ರೇಯಸ್ಸನ್ನೆಲ್ಲ ಲೋಟಕ್ಕೇ ಕೊಡಲಾರೆ. ವಾರಕ್ಕೆ ಮೂರು ದಿನ ಬಂದು ನಡೆಯಲು ಕಲಿಸಿದ ಹುಡುಗಿಗೂ ಅದರಲ್ಲಿ ಪಾಲಿದೆ. ಅಂತೂ ವೇರೂಳಿನಲ್ಲಿ ಅವರು ಕೋಲೂರಿಕೊಂಡು ಕೈಲಾಸದ ಅಂಗಳದ ಆನೆಯವರೆಗೆ ನಡೆದುಹೋಗಿ, ಅದರ ಮುರಿದ ಸೊಂಡಿಲನ್ನು ನೋಡಿ, “ಪಾಪ, ನನ್ನ ಹಂಗ ಬಿದ್ದಿತ್ತೇನೋ” ಎಂದಿದ್ದರು.

ಮುಂಬಯಿಯ ಆ ತರುಣ ಹೋದ ತಿಂಗಳು ದೂರವಾಣಿ ಮಾಡಿದ. ಮೂರು ಸಾವಿರದ ಡಬ್ಬ ಮುಗಿಯಿತಂತೆ. ಹುರಿಗಡಲೆ ಹಿಟ್ಟಿನ ಪ್ರಮಾಣವೆಷ್ಟು, ಮೊಸರು ಎಷ್ಟು ಎಂದು ಕೇಳಿ ಬರೆದುಕೊಳ್ಳುತ್ತಿದ್ದ. ನಾನು ಹೇಳಿ ಮುಗಿಸುವಷ್ಟರಲ್ಲಿ ಒಳಗಿನ ಕೋಣೆಯಿಂದ ಅತ್ತೆಯವರ ಧ್ವನಿ ಬಂದಿತು: “ಜೀರಿಗಿ ಹುರದು ಹಾಕಂತ ಹೇಳು. ಹಸೀದು ಹಾಕಿದ್ರ ನಾಕು ದಿನದಾಗ ಬ್ಯಾಸರ ಆಗತೈತಿ.”